ಮಾಮಾ ವಾಯಾಳ ಎಡಸುತ್ತು

ನೈರೋಬಿಯ ಸೌತ್ ಸಿ ಬಡಾವಣೆಯ ಆ ಬೀದಿಯಲ್ಲಿ ಗೋಪಿನಾಥನ ಮನೆ ಯಾವುದೆಂದು ಕೇಳಿದರೆ ಗೇಟಿನ ಕಾವಲುಗಾರ ತಲೆ ಕೆರೆದುಕೊಳ್ಳುತ್ತಾನೆ. ಮಾಮಾ ವಾಯಾಳ ಮನೆ ಎಂದರೆ ಸಾಕು, ಕುರ್ಚಿಯಿಂದ ಎದ್ದು ಬಂದು ದಾರಿ ತೋರಿಸುತ್ತಾನೆ. ಇಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಮಾಮಾ ಎಂದರೆ ನಮ್ಮ ಸೋದರಮಾವನಲ್ಲ, ಅಮ್ಮ. ವಾಯಾ ಎಂದರೆ ವೈರು. ಬೆಂಗಳೂರಿನಲ್ಲಿ ನಲವತ್ತೈದು ವರ್ಷ ಬರೀ ಮೈಥಿಲಿಯಾಗಿದ್ದವಳು ನೈರೋಬಿಗೆ ಬಂದ ಎರಡನೇ ವರ್ಷಕ್ಕೆ ವೈರಮ್ಮ ಆಗಿಬಿಟ್ಟಳು. ಹೆಸರು ಹೇಗನಿಸುತ್ತದೆ ಎಂದು ಯಾರಾದರೂ ಕೇಳಿದರೆ, ಗೋಪಿನಾಥನ ಹೆಂಡತಿ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಎನ್ನುತ್ತಾಳೆ. ಗೋಪಿನಾಥ ಪಕ್ಕದಲ್ಲಿದ್ದರೆ ಇನ್ನೂ ಸ್ವಲ್ಪ ಜೋರಾಗಿ ಎನ್ನುತ್ತಾಳೆ.

ಕಥೆ ಶುರುವಾದದ್ದು ಮಗಳು ವರ್ಷಿಣಿಯ ಗಿಟಾರಿನಿಂದ. ಗೋಪಿನಾಥನಿಗೆ ಟೆಲಿಕಾಂ ಕಂಪನಿಯಲ್ಲಿ ಟವರುಗಳನ್ನು ನೋಡಿಕೊಳ್ಳುವ ಕೆಲಸ. ಕಂಪನಿ ನೈರೋಬಿಗೆ ಕಳಿಸಿತು, ಮೂವರೂ ಬಂದರು. ವರ್ಷಿಣಿಗೆ ಹನ್ನೆರಡು ತುಂಬಿದಾಗ ಯಾರೋ ಬಳಸಿಬಿಟ್ಟ ಹಳೇ ಎಲೆಕ್ಟ್ರಿಕ್ ಗಿಟಾರೊಂದು ಮನೆಗೆ ಬಂತು. ಎರಡು ವಾರ ಕೂಗಿ ಮೂರನೇ ವಾರ ಮೂಕವಾಯಿತು. ಮನೆಯಲ್ಲಿ ನೆಮ್ಮದಿ ನೆಲೆಸಿತು ಎಂದು ಗೋಪಿನಾಥ ಒಳಗೊಳಗೇ ಖುಷಿಪಡುತ್ತಿದ್ದಾಗ, ಮೈಥಿಲಿ ಅಡುಗೆಮನೆಯ ಸ್ಕ್ರೂಡ್ರೈವರ್ ತಂದು ಅದರ ಹೊಟ್ಟೆ ಬಿಚ್ಚಿದಳು.

ಎಲೆಕ್ಟ್ರಿಕ್ ಗಿಟಾರಿನ ಪ್ರಾಣ ಇರುವುದು ತಂತಿಗಳ ಕೆಳಗೆ ಕೂತಿರುವ ಒಂದು ಪುಟ್ಟ ಡಬ್ಬಿಯಲ್ಲಿ. ಅದಕ್ಕೆ ಪಿಕಪ್ ಎನ್ನುತ್ತಾರೆ. ಒಳಗೊಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ವೈರು, ಸಾವಿರಾರು ಸುತ್ತು. ಮೇಲೆ ತಂತಿ ನಡುಗಿದರೆ ಈ ಸುತ್ತುಗಳಲ್ಲಿ ಚೂರೇ ಚೂರು ಕರೆಂಟು ಹುಟ್ಟಿ, ಆಂಪ್ಲಿಫೈಯರಿಗೆ ಹೋಗಿ ಸದ್ದಾಗುತ್ತದೆ. ವೈರು ಒಂದೇ ಕಡೆ ತುಂಡಾದರೂ ಆಟ ಮುಗಿಯಿತು. ಡಬ್ಬಿ ಬಿಚ್ಚಿ ನೋಡಿದ ಮೈಥಿಲಿ, "ಅಯ್ಯೋ, ಇದು ನಮ್ಮ ಕಾಯಿಲ್ಲು ಕಣೇ," ಎಂದು ನೆಲದ ಮೇಲೇ ಕೂತುಬಿಟ್ಟಳು.

ಯಾಕೆಂದರೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ರಿಲೇ ಎಂಬ ಕರೆಂಟಿನ ಸ್ವಿಚ್ಚು ತಯಾರಿಸುವ ಒಂದು ಸಣ್ಣ ಫ್ಯಾಕ್ಟರಿಯ ಕಾಯಿಲ್ ಸೆಕ್ಷನ್ನಿನಲ್ಲಿ, ಅವಳು ಹನ್ನೊಂದು ವರ್ಷ ಬರೀ ಇದನ್ನೇ ಸುತ್ತಿದ್ದಳು. ಇಪ್ಪತ್ತು ಜನ ಹೆಂಗಸರು, ಇಪ್ಪತ್ತು ಮಿಷನ್ನು, ಮಧ್ಯೆ ಕನ್ನಡಕದ ಮೇಲಿಂದ ನೋಡುವ ಸೂಪರ್‌ವೈಸರ್ ಪುಟ್ಟನರಸಮ್ಮ. ಎಲ್ಲರೂ ಸಂಸಾರದ ಸುದ್ದಿ ಮಾತಾಡುತ್ತಲೇ ಸುತ್ತುವವರು, ಒಬ್ಬರ ವೈರೂ ಹರಿಯುತ್ತಿರಲಿಲ್ಲ. ಆ ಕೆಲಸ ಬಿಟ್ಟ ಮೇಲೆ ಮೈಥಿಲಿ ತಾನೊಬ್ಬ ಕಸುಬುದಾರಳು ಎನ್ನುವುದನ್ನೇ ಮರೆತಿದ್ದಳು. ಗಿಟಾರು ಅದನ್ನು ನೆನಪಿಸಿತು.

ಗಿಕೊಂಬಾದ ಹಳೇ ಸಾಮಾನಿನ ಮಾರುಕಟ್ಟೆಯಲ್ಲಿ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನೊಂದನ್ನು ಹುಡುಕಿ ತಂದು, ಸೂಜಿ ಕಿತ್ತುಹಾಕಿ, ಚಕ್ರದ ಪಕ್ಕಕ್ಕೆ ಪಿಕಪ್ ಕೂರುವ ಹಾಗೆ ಮರದ ತುಂಡೊಂದನ್ನು ಸಿಕ್ಕಿಸಿಕೊಂಡಳು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಬೇರೆಯವರೆಲ್ಲ ಸಾರಿನಪುಡಿ, ಚಟ್ನಿಪುಡಿ ಕಟ್ಟಿಸಿಕೊಂಡರೆ, ಇವಳು ಎಸ್.ಪಿ. ರೋಡಿಗೆ ಹೋಗಿ ಸಣ್ಣ ವೈರಿನ ಎರಡು ಉಂಡೆ ತಂದಳು. ವರ್ಷಿಣಿಯ ಗಿಟಾರು ಮತ್ತೆ ಕೂಗಿತು. ಸ್ಕೂಲಿನ ಮ್ಯೂಸಿಕ್ ಮೇಷ್ಟ್ರಿಗೆ ಸುದ್ದಿ ಹೋಯಿತು, ಅವರಿಂದ ಚರ್ಚಿನ ಬ್ಯಾಂಡಿಗೆ, ಅಲ್ಲಿಂದ ಕಿಲಿಮಾನಿಯ ಹೋಟೆಲುಗಳಲ್ಲಿ ನುಡಿಸುವ ಹುಡುಗರಿಗೆ. ಗಂಡನ ಜೊತೆ ಬಂದವಳೆಂದು ಸರ್ಕಾರ ಕೊಟ್ಟ ಪಾಸಿನಲ್ಲಿ ದುಡಿಯುವಂತಿಲ್ಲವಾದ್ದರಿಂದ ಕಾಸು ಮುಟ್ಟುವುದಿಲ್ಲ. ಬಂದವರು ಬೆಣ್ಣೆಹಣ್ಣು ತಂದುಕೊಡುತ್ತಾರೆ. ಬೆಣ್ಣೆಹಣ್ಣಿನ ಚಟ್ನಿ, ಬೆಣ್ಣೆಹಣ್ಣಿನ ದೋಸೆ, ಬೆಣ್ಣೆಹಣ್ಣಿನ ಮೊಸರುಬಜ್ಜಿ ತಿಂದು ತಿಂದು ಗೋಪಿನಾಥ ನಾಲ್ಕು ಕೆಜಿ ಏರಿದ್ದಾನೆ.

ತಮಾಷೆ ಎಂದರೆ ಅವಳಿಗೆ ಈ ಸಂಗೀತ ಒಂಚೂರೂ ಹಿಡಿಸುವುದಿಲ್ಲ. ಬರೀ ಗಲಾಟೆ ಎನ್ನುತ್ತಾಳೆ. ಹಲ್ಲಿನ ಡಾಕ್ಟರಿಗೆ ಹಲ್ಲು ಸರಿಯಿದ್ದರೆ ಸಾಕು, ಆಸಾಮಿ ಏನು ತಿನ್ನುತ್ತಾನೆ ಎಂಬ ಉಸಾಬರಿ ಯಾಕೆ.

ಹೀಗಿರುವಾಗ ಹೋದ ಜುಲೈನ ಒಂದು ಬುಧವಾರ ಲಾರೆನ್ಸ್ ಬಂದರು. ಎಪ್ಪತ್ತೆಂಟು ವರ್ಷ, ಇಸ್ತ್ರಿ ಮಾಡಿದ ಕೋಟು, ತಲೆಗೆ ಹ್ಯಾಟು. ವಿಮಾನ ನಿಲ್ದಾಣದ ಬಳಿಯ ಎಂಬಕಸಿಯಿಂದ ಎರಡು ಮಟಾಟು ವ್ಯಾನು ಬದಲಿಸಿ, ಗಿಟಾರಿನ ಪೆಟ್ಟಿಗೆಯನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರು. ಅವರ ಇಂಗ್ಲಿಷು, ಇವಳ ಸ್ವಾಹಿಲಿ, ಎರಡೂ ಕುಂಟುತ್ತಾ ಹೇಗೋ ಒಂದೇ ಕಡೆ ಸೇರುತ್ತಿದ್ದವು. ಹಿರಿಯರನ್ನು ಇಲ್ಲಿ ಮ್ಜೇ ಎಂದು ಕರೆಯಬೇಕು. ಮೈಥಿಲಿ ಹಾಗೇ ಕರೆದು, ಕೂರಿಸಿ, ಫಿಲ್ಟರ್ ಕಾಫಿ ಕೊಟ್ಟಳು.

ಪೆಟ್ಟಿಗೆ ತೆರೆದಾಗ ಗಲಾಟೆ ಎನ್ನುವವಳೂ ಬಾಗಿ ನೋಡಿದಳು. ಅಗಲವಾದ ಟೊಳ್ಳು ಮೈ, ನಡುವೆ ಜೇನಿನ ಬಣ್ಣ, ಅಂಚಿಗೆ ಹೋಗುತ್ತಾ ಕಾಫಿ ಬಣ್ಣ. ಎದೆಯ ಮೇಲೆ ಬಳುಕಿದ ಎರಡು ಸೀಳು. ಮೊಣಕೈ ತಾಗುವ ಜಾಗದಲ್ಲಿ ಬಣ್ಣವೆಲ್ಲ ಸವೆದು ಬರೀ ಮರ.

"ಐವತ್ತೇಳನೇ ಇಸವಿದು," ಎಂದರು ಲಾರೆನ್ಸ್. "ಅಮೆರಿಕದ ಆ ಹುಡುಗರ ಕುತ್ತಿಗೇಲಿ ತೂಗಾಡ್ತಿದ್ದದ್ದು ಇಂಥವೇ."

ಅವರು ಹೇಳಿದ ಆ ಹುಡುಗರೆಂದರೆ ತಲೆಗೆ ಎಣ್ಣೆ ಬಳಿದು, ಸೊಂಟ ಕುಣಿಸಿ, ಹೆತ್ತವರಿಂದಲೂ ಪಾದ್ರಿಗಳಿಂದಲೂ ಬೈಸಿಕೊಂಡು ರಾಕ್ ಅಂಡ್ ರೋಲ್ ಎಬ್ಬಿಸಿದವರು. ಅವರ ರೆಕಾರ್ಡುಗಳು ಹಡಗು ಹತ್ತಿ ಮೊಂಬಾಸಾಕ್ಕೆ ಬಂದವು. ಅವುಗಳ ಹಿಂದೆಯೇ ನಾವಿಕನೊಬ್ಬನ ಕೈಯಲ್ಲಿ ಈ ಗಿಟಾರೂ ಬಂತು. ನಾವಿಕ ಅದನ್ನು ಹೋಟೆಲಿನ ಬ್ಯಾಂಡಿನವನಿಗೆ ಕೊಟ್ಟ. ಹದಿನೇಳು ವರ್ಷದ ಲಾರೆನ್ಸ್ ಆ ಬ್ಯಾಂಡಿನವನ ಬಟ್ಟೆ ಒಗೆದು, ಬೂಟು ಒರೆಸಿ, ಕೊನೆಗೂ ಅದನ್ನು ತನ್ನದು ಮಾಡಿಕೊಂಡರು. ಮದುವೆಗಿಂತ ಮುಂಚಿನ ಸಂಬಂಧ ಇದು ಎಂದು ನಕ್ಕರು.

ಆಮೇಲೆ ನಗು ನಿಲ್ಲಿಸಿ ತಮ್ಮ ಎಡಗೈ ಚಾಚಿ ತೋರಿಸಿದರು. ಉಂಗುರದ ಬೆರಳು, ಕಿರುಬೆರಳು ಎರಡೂ ಅಂಗೈ ಕಡೆಗೆ ಬಾಗಿ ಅಲ್ಲೇ ನಿಂತಿದ್ದವು. ಮುಂದಿನ ಮಂಗಳವಾರ ಆಪರೇಷನ್. ಬೆರಳು ನೆಟ್ಟಗಾಗಬಹುದು, ಆದರೆ ತಂತಿ ಒತ್ತುವಷ್ಟು ಬಲ ಬರುತ್ತದೋ ಇಲ್ಲವೋ, ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. ಅದಕ್ಕೆ ಮೊದಲು ಭಾನುವಾರ ಮಧ್ಯಾಹ್ನ ಎಂಬಕಸಿಯ ಸುಟ್ಟ ಮಾಂಸದ ಹೋಟೆಲೊಂದರಲ್ಲಿ ಅವರ ಹಳೇ ಬ್ಯಾಂಡಿನಲ್ಲಿ ಅವರೂ ಸೇರಿ ಉಳಿದಿದ್ದ ನಾಲ್ಕು ಜನ ನುಡಿಸುವವರಿದ್ದರು. ಈ ಗಿಟಾರಿಗೆ ಎರಡು ಪಿಕಪ್. ಕುತ್ತಿಗೆಯ ಬಳಿಯದು ಎರಡು ವರ್ಷದಿಂದ ಸತ್ತಿತ್ತು.

"ಒಂದೊಂದೇ ನುಡಿಸಿದರೆ ಅದು ಗಿಟಾರು ಅಷ್ಟೆ," ಎಂದರು ಲಾರೆನ್ಸ್. "ಈ ಗುಂಡಿ ಮಧ್ಯಕ್ಕೆ ತಂದು ಎರಡೂ ಒಟ್ಟಿಗೆ ಹಾಕಿದಾಗ ಬರೋ ಸದ್ದು ಇದೆಯಲ್ಲ, ಅದು ನನ್ನ ಹದಿನೇಳು ವರ್ಷ. ಅದನ್ನ ಒಂದು ಸಲ ಕೇಳಿಕೊಂಡು ಆಸ್ಪತ್ರೆಗೆ ಹೋಗ್ತೀನಿ, ಮಾಮಾ ವಾಯಾ."

ಮೈಥಿಲಿ ಪೆಟ್ಟಿಗೆ ಮುಚ್ಚಿ ತನ್ನ ಕಡೆ ಎಳೆದುಕೊಂಡಳು. ಶುಕ್ರವಾರ ಬನ್ನಿ, ಆಗಿರುತ್ತದೆ ಎಂದಳು. ಈ ಕೆಲಸದಲ್ಲಿ ಅವಳದು ಎತ್ತಿದ ಕೈ. ಅನುಮಾನಪಡುವ ಕಾರಣವೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ಗಂಡ, ಮಗಳು ಹೊರಟ ಮೇಲೆ ಊಟದ ಮೇಜಿನ ಮೇಲೆ ಹಳೇ ಪಂಚೆ ಹಾಸಿ ಪಿಕಪ್ ಬಿಚ್ಚಿದಳು. ವೈರು ಅಲ್ಲಲ್ಲಿ ಹಸಿರುಗಟ್ಟಿ ಪುಡಿಯಾಗಿತ್ತು. ಬ್ಲೇಡಿನಿಂದ ಕತ್ತರಿಸಿ ತೆಗೆದಳು. ತಳದಲ್ಲಿ ಕಂದಿದ ಕಾಗದದ ಪಟ್ಟಿಯೊಂದು ಅಂಟಿತ್ತು. ಪೆನ್ಸಿಲಿನಲ್ಲಿ, ಹಿಂದಕ್ಕೆ ವಾಲಿದ ಅಕ್ಷರಗಳಲ್ಲಿ ಒಂದು ಹೆಸರು: ಎಡ್ನಾ. ಎಪ್ಪತ್ತು ವರ್ಷದ ಹಿಂದೆ ಅಮೆರಿಕದ ಯಾವುದೋ ಫ್ಯಾಕ್ಟರಿಯ ಯಾವುದೋ ಕಾಯಿಲ್ ಸೆಕ್ಷನ್ನಿನಲ್ಲಿ ಕೂತು ಇದನ್ನು ಸುತ್ತಿದವಳು. ಅವಳಿಗೂ ಒಬ್ಬ ಪುಟ್ಟನರಸಮ್ಮ ಇದ್ದಿರಬೇಕು ಎಂದುಕೊಂಡು ಮೈಥಿಲಿ ಆ ಪಟ್ಟಿಯನ್ನು ಹಾಗೇ ಬಿಟ್ಟಳು.

ಹೊಸ ವೈರು ಸಿಕ್ಕಿಸಿ, ಕಣ್ಣುಮುಚ್ಚಿ ಒಂದು ನಮಸ್ಕಾರ ಹಾಕಿ, ಹಿಡಿ ತಿರುಗಿಸಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಐದು ಸಾವಿರ ಸುತ್ತು ಮುಗಿದಿತ್ತು. ಕಾದ ಮೇಣದಲ್ಲಿ ಅದ್ದಿ, ತಣಿಸಿ, ಬೆಸುಗೆ ಹಾಕಿ ಕೂರಿಸಿದಳು.

ಶುಕ್ರವಾರ ಲಾರೆನ್ಸ್ ಹ್ಯಾಟು ತೆಗೆದಿಟ್ಟು ಗಿಟಾರು ಕೈಗೆತ್ತಿಕೊಂಡರು. ವರ್ಷಿಣಿ ತನ್ನ ಪುಟ್ಟ ಆಂಪ್ಲಿಫೈಯರ್ ತಂದಿಟ್ಟಳು. ಕುತ್ತಿಗೆಯ ಪಿಕಪ್ ಒಂದೇ ಹಾಕಿದರೆ ದುಂಡನೆಯ ಸದ್ದು, ಮುದುಕರ ಮುಖ ಅರಳಿತು. ಇನ್ನೊಂದು ಹಾಕಿದರೆ ಖಣಖಣ. ಆಮೇಲೆ ಗುಂಡಿಯನ್ನು ಮಧ್ಯಕ್ಕೆ ತಂದು ತಂತಿ ಮೀಟಿದರು. ನೆಗಡಿಯಾದವನು ಕೊಳವೆಯೊಳಗೆ ಮಾತಾಡಿದ ಹಾಗೆ ಬಡಕಲು ಸದ್ದೊಂದು ಬಂತು. ಎರಡೂ ಸೇರಿದರೆ ಜೋರಾಗುವ ಬದಲು ಸಣ್ಣದಾಗಿತ್ತು. ಲಾರೆನ್ಸ್ ಇನ್ನೊಮ್ಮೆ ಮೀಟಿದರು, ಮತ್ತೊಮ್ಮೆ ಮೀಟಿದರು. ಗಿಟಾರನ್ನು ಮೆಲ್ಲಗೆ ಕೆಳಗಿಟ್ಟು, "ಇದು ಅದಲ್ಲ," ಎಂದರು. ಬೈದಿದ್ದರೆ ಮೈಥಿಲಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗಿಟಾರು ಬಿಟ್ಟು ಹೋಗಿ, ನಾನೇ ಭಾನುವಾರ ತರುತ್ತೇನೆ ಎಂದು ಅವರನ್ನು ಕಳಿಸಿ, ಸಂಜೆ ಬಂದ ಗಂಡನ ಮುಂದೆ ಎಲ್ಲ ಹರಡಿಕೊಂಡು ಕೂತಳು. ಗೋಪಿನಾಥ ಎಂಜಿನಿಯರು. ಮೀಟರಿಟ್ಟು ಎರಡು ನಿಮಿಷ ನೋಡಿ ಹೇಳಿದ.

"ಎರಡೂ ಪಿಕಪ್ ಸರಿಯಾಗೇ ಇದೆ. ಆದ್ರೆ ಒಂದಕ್ಕೊಂದು ಆಪೋಸಿಟ್ಟು. ಬೀಸೋ ಕಲ್ಲಿನ ಗೂಟ ಇಬ್ರು ಹಿಡ್ಕೊಂಡು, ಒಬ್ರು ಈ ಕಡೆ ಒಬ್ರು ಆ ಕಡೆ ಎಳೆದ್ರೆ ಹಿಟ್ಟು ಹೇಗ್ ಬೀಳತ್ತೆ? ಬಿಚ್ಚೋವಾಗ ಹಳೇ ವೈರು ಯಾವ ಕಡೆ ಸುತ್ತಿತ್ತು ಅಂತ ನೋಡ್ಕೊಂಡ್ಯಾ?"

ಮೈಥಿಲಿ ಕತ್ತರಿಸಿಟ್ಟ ಹಳೇ ವೈರಿನ ಚೂರುಗಳನ್ನು ಕೆದಕಿದಳು. ನೋಡಿರಲಿಲ್ಲ. ಎಂದೂ ನೋಡಿದವಳಲ್ಲ. ವೈರಿಗೆ ಇನ್ನೊಂದು ಸರಿಯಾದ ದಿಕ್ಕೂ ಇರಬಹುದೆಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಪುಟ್ಟನರಸಮ್ಮನ ಸೆಕ್ಷನ್ನಿನಲ್ಲಿ ಇದ್ದದ್ದು ಒಂದೇ ದಿಕ್ಕು.

"ಪ್ರದಕ್ಷಿಣೆ ಕಣ್ರೀ," ಎಂದಳು ಮೆಲ್ಲಗೆ. "ನಮ್ಮ ಪುಟ್ಟನರಸಮ್ಮ ಹೇಳ್ತಿದ್ರು, ಸುತ್ತೋದಾದ್ರೆ ದೇವ್ರನ್ನ ಸುತ್ತಿದ ಹಾಗೆ ಸುತ್ಬೇಕು, ಆ ಕಡೆಯಿಂದ ಸುತ್ತೋದು ಸತ್ತೋರಿಗೆ ಅಂತ. ಮೊದಲನೇ ದಿನ ನಾನು ಉಲ್ಟಾ ತಿರುಗಿಸಿದ್ದಕ್ಕೆ ಸ್ಕೇಲ್ ತಗೊಂಡು ಗೆಣ್ಣಿಗೆ ಹೊಡೆದಿದ್ರು."

ಉಲ್ಟಾ ತಿರುಗಿಸಿದ್ದಕ್ಕೆ ಕಾರಣವಿತ್ತು. ಮೈಥಿಲಿ ಹುಟ್ಟಾ ಎಡಚಿ. ಎಡಗೈಯಲ್ಲಿ ತುತ್ತು ಎತ್ತಿದಾಗೆಲ್ಲ ಅಮ್ಮನಿಂದ ಏಟು ಬೀಳುತ್ತಿತ್ತು. ಎಡಗೈಯಲ್ಲಿ ಬರೆದಾಗೆಲ್ಲ ಮೇಷ್ಟ್ರು ಕೈಯನ್ನು ಬೆಂಚಿಗೆ ಕಟ್ಟುತ್ತಿದ್ದರು. ಅರಿಸಿನ ಕುಂಕುಮ ಎಡಗೈಯಲ್ಲಿ ಚಾಚಿದ್ದಕ್ಕೆ ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಹೀಗೆ ಎಲ್ಲರೂ ಸೇರಿ ತಿದ್ದಿದ ಮೇಲೆ ಅವಳ ಎಡಗೈ ಯಾವತ್ತೂ ಮುಂದೆ ಬರದೆ, ಬಲಗೈ ಹೇಳಿದ ಹಾಗೆ ಕೇಳಿಕೊಂಡು ಇತ್ತು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಗೋಪಿನಾಥನಿಗೇ ಅವಳು ಎಡಚಿ ಎಂದು ಗೊತ್ತಿರಲಿಲ್ಲ.

"ಮತ್ತೆ ಯಾಕ್ ಸುತ್ತೋದು? ಪಿಕಪ್ಪಿಂದ ಹೊರಗೆ ಬರೋ ಎರಡು ವೈರು ಅದಲುಬದಲು ಮಾಡಿದ್ರೆ ಆಯ್ತು," ಎಂದು ಅವನು ಬೆಸುಗೆಯ ಕಡ್ಡಿ ಕಾಯಿಸಿದ. ಮಾಡಿದ್ದೂ ಆಯಿತು. ಸದ್ದು ತುಂಬಿಕೊಂಡಿತು, ಒಪ್ಪಬೇಕಾದ ಮಾತು. ಆದರೆ ಪಿಕಪ್ಪಿನ ತಗಡಿನ ಮುಚ್ಚಳ ಆ ವೈರುಗಳಲ್ಲೊಂದಕ್ಕೆ ಸೇರಿಕೊಂಡಿತ್ತು. ಈಗ ಅದಲುಬದಲಾದದ್ದರಿಂದ ಬೆರಳು ಮುಚ್ಚಳಕ್ಕೆ ತಾಗಿದಾಗೆಲ್ಲ ಗುಂಯ್ ಎಂದು ಜೇನುಹುಳದ ಹಾಗೆ ಮೊರೆಯುತ್ತಿತ್ತು.

"ಇಷ್ಟು ನಡೆಯತ್ತೆ ಬಿಡು. ಅಲ್ಲಿ ಮಾಂಸ ಸುಡೋ ಗಲಾಟೇಲಿ ಯಾರಿಗ್ ಕೇಳಿಸತ್ತೆ?"

"ಅವರಿಗೆ ಕೇಳಿಸತ್ತೆ," ಎಂದಳು ಮೈಥಿಲಿ.

ಶನಿವಾರ ಮಧ್ಯಾಹ್ನ ಮತ್ತೆ ಪಂಚೆ ಹಾಸಿದಳು. ಹೊಸದಾಗಿ ಸುತ್ತಿದ್ದ ಐದು ಸಾವಿರ ಸುತ್ತಿಗೆ ಬ್ಲೇಡು ಹಾಕಿದಳು. ವೈರು ಸಿಕ್ಕಿಸಿ ಹಿಡಿಯನ್ನು ಉಲ್ಟಾ ತಿರುಗಿಸಿದರೆ ಬಲಗೈ ಒಪ್ಪಲಿಲ್ಲ. ಇನ್ನೂರು ಸುತ್ತಿಗೆ ಒಮ್ಮೆ ತುಂಡು, ಮುನ್ನೂರಕ್ಕೆ ಇನ್ನೊಮ್ಮೆ. ಮೂರನೇ ಸಲ ತುಂಡಾದಾಗ ಉಂಡೆಯಲ್ಲಿ ಉಳಿದ ವೈರು ಒಂದೇ ಒಂದು ಪಿಕಪ್ಪಿಗೆ ಸಾಕಾಗುವಷ್ಟಿತ್ತು. ಇನ್ನೊಂದು ಉಂಡೆ ಬೇಕಾದರೆ ಎಸ್.ಪಿ. ರೋಡಿಗೇ ಹೋಗಬೇಕು. ಮೈಥಿಲಿ ಕೈ ಚೆಲ್ಲಿ ಕೂತಳು. ಕಣ್ಣು ಮತ್ತೆ ಆ ಕಾಗದದ ಪಟ್ಟಿಯ ಮೇಲೆ ಬಿತ್ತು. ಹಿಂದಕ್ಕೆ ವಾಲಿದ ಅಕ್ಷರ. ಒಂದನೇ ಕ್ಲಾಸಿನಲ್ಲಿ, ಮೇಷ್ಟ್ರು ಕೈ ಕಟ್ಟುವುದಕ್ಕೆ ಮುಂಚೆ, ಅವಳ ಸ್ಲೇಟಿನ ಮೇಲೆ ಇದ್ದದ್ದೂ ಇಂಥವೇ ಅಕ್ಷರ. ಮಸಿ ಅಳಿಸದಿರಲೆಂದೋ ಏನೋ ಕೈ ಬಾಗಿಸಿ ಬರೆಯುವ ಎಡಚರ ಅಕ್ಷರ.

"ನೀನೂನಾ," ಎಂದಳು ಎಡ್ನಾಗೆ, ಅಚ್ಚ ಕನ್ನಡದಲ್ಲಿ.

ಎದ್ದು ಮೇಜು ಸುತ್ತಿ ಹೋಗಿ ಆಚೆಯ ಕುರ್ಚಿಯಲ್ಲಿ ಕೂತಳು. ಸದಾ ಗೋಪಿನಾಥ ಕೂರುವ ಕುರ್ಚಿ ಅದು. ಅಲ್ಲಿಂದ ಮಿಷನ್ನಿನ ಹಿಡಿ ಎಡಗೈಗೆ ಸಿಕ್ಕಿತು. ಮುಂದಕ್ಕೆ ತಿರುಗಿಸಿದರೆ ಸಾಕು, ಸುತ್ತು ತಾನಾಗಿಯೇ ಉಲ್ಟಾ. ಬಲಗೈಯ ಎರಡು ಬೆರಳ ನಡುವೆ ವೈರು ಹಿಡಿದು ಎಡಗೈಗೆ ಹಿಡಿ ಒಪ್ಪಿಸಿದಳು. ನಮಸ್ಕಾರ ಹಾಕುವುದೋ ಬೇಡವೋ ಎಂದು ಒಂದು ಕ್ಷಣ ಅನುಮಾನ ಬಂತು, ಆಮೇಲೆ ಹಾಕಿದಳು. ನೂರು ಸುತ್ತಿಗೆ ಭುಜ ಸಡಿಲವಾಯಿತು. ಸಾವಿರಕ್ಕೆ ತಾನು ಏನೋ ಗುನುಗುತ್ತಿದ್ದೇನೆ ಎಂದು ತಿಳಿಯಿತು. ವೈರು ರೇಷ್ಮೆ ಎಳೆಯ ಹಾಗೆ ಹರಿದು ಬರುತ್ತಿತ್ತು. ಹನ್ನೊಂದು ವರ್ಷ ಫ್ಯಾಕ್ಟರಿಯಲ್ಲಿ ಸುತ್ತಿದರೂ ಇಷ್ಟು ಸರಾಗವಾಗಿ ಒಮ್ಮೆಯೂ ಸುತ್ತಿರಲಿಲ್ಲ. ನಲವತ್ತೈದು ವರ್ಷ ಸುಮ್ಮನೆ ಕೂತಿದ್ದ ಕೈಗೆ ಇಷ್ಟೆಲ್ಲ ಗೊತ್ತಿತ್ತಲ್ಲ ಎಂದು ಸಂತೋಷವೂ ಆಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಯೋಚಿಸಿದರೆ ಪಟ್ಟಿ ಉದ್ದವಾಗುತ್ತಿತ್ತು, ಬಿಟ್ಟಳು.

ಸುತ್ತು ಮುಗಿದ ಮೇಲೆ ವರ್ಷಿಣಿಯ ಪೆನ್ಸಿಲು ತೆಗೆದುಕೊಂಡು ಎಡ್ನಾಳ ಹೆಸರಿನ ಕೆಳಗೆ, ಎಡಗೈಯಲ್ಲೇ, ಮೈಥಿಲಿ ಎಂದು ಬರೆದಳು. ಅಕ್ಷರ ಒಂದನೇ ಕ್ಲಾಸಿನವರದೇ.

ಭಾನುವಾರ ಮೂವರೂ ಟ್ಯಾಕ್ಸಿಯಲ್ಲಿ ಎಂಬಕಸಿಗೆ ಹೋದರು. ತಗಡಿನ ಚಾವಣಿ, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೂಲೆಯಲ್ಲಿ ಸುಡುವ ಮಾಂಸದ ಹೊಗೆ. ಗೋಪಿನಾಥ ಕರವಸ್ತ್ರ ಮೂಗಿಗೆ ಹಿಡಿದು ಸೋಡಾ ಬಾಟಲಿಯೊಂದರ ಆಸರೆ ಪಡೆದ. ತಲೆಯ ಮೇಲೆ ಆಗಾಗ ವಿಮಾನ ಇಳಿಯುತ್ತಿತ್ತು. ವೇದಿಕೆಯ ಮೇಲೆ ನಾಲ್ವರು ಮುದುಕರು, ನಾಲ್ವರಿಗೂ ಒಂದೇ ಬಣ್ಣದ ಟೈ. ಲಾರೆನ್ಸ್ ಗಿಟಾರನ್ನು ಕುತ್ತಿಗೆಗೆ ಹಾಕಿಕೊಂಡು ಜನರನ್ನು ನೋಡಲಿಲ್ಲ, ಮೈಥಿಲಿಯನ್ನು ನೋಡಿದರು. ಗುಂಡಿಯನ್ನು ಮಧ್ಯಕ್ಕೆ ತಂದರು.

ಮೀಟಿದರು. ಕೆಳಗಿನ ಸ್ವರ ದಪ್ಪಗೆ, ಮೇಲಿನದು ಫಳಫಳ, ಎರಡೂ ಒಂದರೊಳಗೊಂದು ಕೂತು ಹೊರಟವು. ಮೊರೆತವಿಲ್ಲ, ಗುಂಯ್ ಎನ್ನುವುದಿಲ್ಲ. ಲಾರೆನ್ಸ್ ಆ ಒಂದೇ ಸ್ವರವನ್ನು ಅದು ಸಾಯುವವರೆಗೂ ಬಿಟ್ಟುಕೊಂಡು ನಿಂತರು. ಆಮೇಲೆ ಬಾಗಿದ ಎರಡು ಬೆರಳನ್ನು ಹಾಗೇ ಇಟ್ಟುಕೊಂಡು, ಉಳಿದ ಎರಡರಲ್ಲೇ ಶುರುಮಾಡಿದರು. ಹೆಂಗಸರು ತಟ್ಟೆ ಬಿಟ್ಟು ಎದ್ದು ಕುಣಿದರು. ವರ್ಷಿಣಿ ಎಂದೋ ಅವರ ನಡುವೆ ಹೋಗಿದ್ದಳು. ಗಲಾಟೆ ಎನ್ನುವ ಮೈಥಿಲಿಯ ಚಪ್ಪಲಿ ನೆಲ ಕುಟ್ಟುತ್ತಿರುವುದನ್ನು ಗೋಪಿನಾಥ ನೋಡಿದ, ಬುದ್ಧಿವಂತನಾದ್ದರಿಂದ ಮತ್ತೆ ಸೋಡಾ ಕುಡಿಯತೊಡಗಿದ.

ಎಲ್ಲ ಮುಗಿದ ಮೇಲೆ ಲಾರೆನ್ಸ್ ಬೆವರು ಒರೆಸಿಕೊಳ್ಳುತ್ತಾ ಕೆಳಗಿಳಿದು ಬಂದರು.

"ಅದೇ ಅದು," ಎಂದರು. "ಏನು ಮಾಡಿದಿರಿ?"

ಮೈಥಿಲಿ ತನ್ನ ಕುಂಟು ಸ್ವಾಹಿಲಿಯಲ್ಲಿ ಪದ ಹುಡುಕಿದಳು. ಮನೆಗೆಲಸಕ್ಕೆ ಬರುವಾಕೆ, ಬಲಗೈಯಲ್ಲಿ ಹಿಟ್ಟಿದ್ದುದರಿಂದ ಮೈಥಿಲಿ ಎಡಗೈಯಲ್ಲಿ ಕಪ್ಪು ಕೊಟ್ಟಾಗ ಒಮ್ಮೆ ಮುಖ ಸಿಂಡರಿಸಿ ಹೇಳಿದ್ದ ಪದವೇ ನೆನಪಿಗೆ ಬಂತು. ಈ ವಿಷಯದಲ್ಲಿ ನೈರೋಬಿಗೂ ರಾಜಾಜಿನಗರಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

"ಕುಶೋಟೋ," ಎಂದಳು. ಎಡ. "ಎಡಗೈಯಲ್ಲಿ ಸುತ್ತಿದೆ, ಮ್ಜೇ. ಚಿಕ್ಕವಳಿದ್ದಾಗ ಹೊಡೆದು ಬಿಡಿಸಿದ್ದ ಕೈ."

ಲಾರೆನ್ಸ್ ನಗುತ್ತಾರೆ ಎಂದುಕೊಂಡಿದ್ದಳು. ಅವರು ನಗಲಿಲ್ಲ. ಮಂಗಳವಾರ ಡಾಕ್ಟರ ಕೈಗೆ ಒಪ್ಪಿಸಬೇಕಾದ ತಮ್ಮ ಎಡಗೈಯನ್ನು ಎತ್ತಿ ನೋಡಿಕೊಂಡರು.

"ನನ್ನ ತಾಯೀನೂ ಹೊಡೆದಿದ್ದಳು," ಎಂದರು. "ಆಮೇಲೆ ಗಿಟಾರು ಹಿಡಿದೆ. ಅರವತ್ತು ವರ್ಷ ಎಲ್ಲ ಸ್ವರ ಒತ್ತಿದ್ದು ಇದು, ಜನ ಕೈಕುಲುಕಿದ್ದು ಮಾತ್ರ ಇನ್ನೊಂದನ್ನ."

ಹೇಳಿ, ಆ ಬಾಗಿದ ಬೆರಳಿನ ಎಡಗೈಯನ್ನೇ ಅವಳ ಮುಂದೆ ಚಾಚಿದರು. ಪಕ್ಕದ ಮೇಜಿನ ಹೆಂಗಸರು ತಿರುಗಿ ನೋಡಿದರು. ಮೈಥಿಲಿಯ ಬಲಗೈ ಅಭ್ಯಾಸಬಲದಿಂದ ಅರ್ಧಕ್ಕೆ ಎದ್ದಿತ್ತು.

"ಬಲಗೈ, ಬಲಗೈ," ಎಂದು ಗೋಪಿನಾಥ ಹಿಂದಿನಿಂದ ಪಿಸುಗುಟ್ಟಿದ.

"ಸುಮ್ನಿರ್ರೀ," ಎಂದು ಮೈಥಿಲಿ ಆ ಕೈಯನ್ನು ಕೆಳಗಿಳಿಸಿ, ಎಡಗೈ ಚಾಚಿದಳು.